ಒಂದು ಮಾತು ಹೇಳಿಸಿ

ನಮ್ಮ ತುಮಕೂರಿನಲ್ಲಿ ಯಾವ ಕೆಲಸಕ್ಕೆ ಹೊರಟರೂ ಮೊದಲು ಯಾರ ಕೈಲಾದರೂ ಒಂದು ಮಾತು ಹೇಳಿಸುತ್ತೇವೆ. ಮಗುವಿಗೆ ಶಾಲೆಯ ಸೀಟು ಬೇಕಾದರೂ ಅಷ್ಟೇ, ಗ್ಯಾಸ್ ಸಿಲಿಂಡರ್ ಎರಡು ದಿನ ಮುಂಚೆ ಬೇಕಾದರೂ ಅಷ್ಟೇ. ನನ್ನ ಗಂಡ ಹಲ್ಲು ಕೀಳಿಸಿಕೊಳ್ಳಲು ಹೋಗುವಾಗ ಡಾಕ್ಟರ ಷಡ್ಡಕನಿಂದ ಫೋನ್ ಮಾಡಿಸಿದ್ದರು. ನೋವು ಮಾತ್ರ ಎಲ್ಲರಿಗೂ ಆಗುವಷ್ಟೇ ಆಯಿತು. ಇದನ್ನೆಲ್ಲ ನೋಡಿ ನಗುತ್ತಿದ್ದವಳು ನಾನು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳಿಗೆ ಇಂಥ ಚಾಳಿ ಅಂಟಿಲ್ಲ ಎಂದು ನಂಬಿಕೊಂಡಿದ್ದೆ. ಕೊತ್ತಗೆರೆಯ ಕಾಗದಗಳ ವಿಷಯ ಬಂದಾಗ ನನ್ನ ಬಣ್ಣ ಬಯಲಾಯಿತು.

ಗುಬ್ಬಿಯಲ್ಲಿ ನನ್ನ ಮೇಷ್ಟ್ರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ನನಗೆ ಮೋಡಿ ಓದಲು ಕಲಿಸಿದವರು ಅವರೇ. ಮೋಡಿ ಎಂದರೆ ಲೇಖನಿ ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಡಿಸಿಕೊಂಡು ಹೋಗುವ ಹಳೆಯ ಬರಹ. ಇವತ್ತು ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಜನ. ಹದಿನೆಂಟನೇ ಶತಮಾನದಲ್ಲಿ ಕುಣಿಗಲ್ ಕಡೆಯವನೊಬ್ಬ ಮೈಸೂರಿನ ಪರವಾಗಿ ಪುಣೆಯ ದರ್ಬಾರಿನಲ್ಲಿ ವಕೀಲನಾಗಿದ್ದನಂತೆ. ಆಗ ವಕೀಲನೆಂದರೆ ಕೋರ್ಟಿನವನಲ್ಲ, ರಾಯಭಾರಿ. ಅವನಿಗೆ ಬಂದ ಕಾಗದಗಳು ಎಲ್ಲೋ ಉಳಿದಿವೆ ಎಂದು ಮೇಷ್ಟ್ರು ನಲವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು, ಕೊತ್ತಗೆರೆಯ ತೋಟದ ಮನೆಯೊಂದರಲ್ಲಿ ಅಂಥದೊಂದು ಟ್ರಂಕು ಕಂಡೆ ಎಂದಳು. ಅದೇ ತಿಂಗಳು ಕಣ್ಣಿನ ಡಾಕ್ಟರು ಮೇಷ್ಟ್ರಿಗೆ, ಎಡಗಣ್ಣಂತೂ ಹೋಯಿತು, ಬಲಗಣ್ಣು ಇನ್ನೊಂದು ವರ್ಷ ಅಕ್ಷರ ಹಿಡಿದರೆ ಹೆಚ್ಚು ಎಂದುಬಿಟ್ಟರು.

ಆ ವರ್ಷದೊಳಗೆ ಕಾಗದಗಳನ್ನು ಅವರ ಕೈಗೆ ಮುಟ್ಟಿಸಲೇಬೇಕಿತ್ತು. ನಾನು ಮಾಡಿದ್ದೇನು? ಟ್ರಂಕಿನ ಒಡತಿಯ ಮನೆಗೆ ಹೋಗುವ ಬದಲು, ಆಕೆಗೆ ಯಾರಿಂದ ಹೇಳಿಸಿದರೆ ಕೆಲಸವಾದೀತು ಎಂದು ವಿಚಾರಿಸತೊಡಗಿದೆ. ಮೊದಲು ನಮ್ಮ ಪ್ರಿನ್ಸಿಪಾಲರಿಂದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಹೋಯಿತು. ಉತ್ತರವಿಲ್ಲ. ಆಮೇಲೆ ಹಿರೇಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಆಕೆಯ ತಮ್ಮನನ್ನು ಹಿಡಿದೆ. ಅವರ ಫೋನಿಗೆ ಆಕೆ "ನೋಡಾಣ" ಎಂದರಂತೆ. ಕೊನೆಗೆ ಮಠದ ಹಿರಿಯರೊಬ್ಬರಿಂದ ಹೇಳಿಸಿದೆ. ಅವರಿಗೂ "ನೋಡಾಣ" ಎಂದೇ ಬಂತು, ಹಿಂದೆ ಒಂದು "ಬುದ್ಧಿ" ಸೇರಿಸಿಕೊಂಡು. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದರ್ಥ. ನನಗೋ ಮೂಗಿನ ತುದಿಯಲ್ಲೇ ಕೋಪ. ಆ ಕಾಗದಗಳನ್ನೇನು ಉಪ್ಪಿನಕಾಯಿ ಹಾಕ್ತಾರಂತಾ ಎಂದು ಮನೆಯಲ್ಲಿ ಕೂಗಾಡಿದೆ. ಮೇಷ್ಟ್ರು ಪ್ರತಿ ಭಾನುವಾರ ಫೋನ್ ಮಾಡಿ ಏನಾಯಿತಮ್ಮ ಎಂದು ಕೇಳುವರು, ನಾನು ಆಗುತ್ತೆ ಎನ್ನುವೆ. ಹೀಗೇ ಒಂಬತ್ತು ತಿಂಗಳು ಕಳೆಯಿತು. ಒಂದು ಭಾನುವಾರ ಅವರು ಕಾಗದದ ಸುದ್ದಿಯನ್ನೇ ಎತ್ತಲಿಲ್ಲ. ಪೇಪರಿನ ದಪ್ಪಕ್ಷರ ಮಾತ್ರ ಕಾಣ್ತಿದೆ ಎಂದು ಹೇಳಿ ಫೋನ್ ಇಟ್ಟರು. 

ಮರುದಿನವೇ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಆಗಲೂ ಬುದ್ಧಿ ಬಂದಿರಲಿಲ್ಲ. ಬ್ಯಾಗಿನಲ್ಲಿ ಪಕ್ಷದ ಮುಖಂಡರೊಬ್ಬರ ಇನ್ನೊಂದು ಶಿಫಾರಸು ಪತ್ರ ಇಟ್ಟುಕೊಂಡೇ ಹೋಗಿದ್ದೆ. ಕುಣಿಗಲ್ಲಿನಿಂದ ಆಟೋದಲ್ಲಿ ಕೊತ್ತಗೆರೆ ತಲುಪಿದಾಗ ಆ ಅಮ್ಮ ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ತೆಂಗಿನಕಾಯಿ ಆರಿಸುತ್ತಿದ್ದರು. ಅರವತ್ತರ ಆಸುಪಾಸು, ಗಟ್ಟಿ ದನಿ. ನಾನು ಯಾರೆಂದು ಹೇಳಿದ ಕೂಡಲೇ, ಓ ಆ ಶಿಫಾರಸಿನ ಮೇಡಮ್ಮಾ ಎಂದರು. ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಅವರು ಬೇಡವೆಂದು ಕೈಯೆತ್ತಿದರು.

"ನಿಮ್ ಬಗ್ಗೆ ಮೂರು ಜನ ಹೇಳುದ್ರು ಕಣಮ್ಮ. ಒಳ್ಳೇವ್ರು ಅಂದ್ರು, ಓದ್ದೋರು ಅಂದ್ರು. ಕಾಗ್ದ ಯಾಕ್ ಬೇಕು ಅಂತ ಒಬ್ರೂ ಹೇಳ್ನಿಲ್ಲ. ನೀವ್ ಹೇಳಿ."

ಸಂಶೋಧನೆ, ಪರಂಪರೆ, ದಾಖಲೆ ಎಂದೆಲ್ಲ ಬಸ್ಸಿನಲ್ಲಿ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅದೆಲ್ಲ ಬಸ್ಸಿನಲ್ಲೇ ಉಳಿಯಿತು. ಗುಬ್ಬಿಯಲ್ಲಿ ನಮ್ಮ ಮೇಷ್ಟ್ರಿದ್ದಾರೆ, ನಲವತ್ತು ವರ್ಷದಿಂದ ಕಾಯುತ್ತಿದ್ದಾರೆ, ಅವರ ಕಣ್ಣು ಹೋಗುತ್ತಿದೆ ಎಂದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಆಕೆ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಇದನ್ನು ಮೊದಲೇ ಬಂದು ಹೇಳುವುದಕ್ಕೆ ನಿಮಗೇನಾಗಿತ್ತು ಎಂದು ಕೇಳಿದರು. ಟ್ರಂಕು ನಿಮ್ಮ ಕೈಗೆ ಕೊಡುವುದಿಲ್ಲ, ಭಾನುವಾರ ನಾನೇ ತರುತ್ತೇನೆ ಎಂದು ಹೇಳಿ, ಊಟ ಹಾಕಿ ಕಳಿಸಿದರು.

ಭಾನುವಾರ ಗುಬ್ಬಿಯಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬೆಳಿಗ್ಗೆ ಆರಕ್ಕೇ ಕಿಟಕಿಯ ಬಳಿ ಕೂತಿದ್ದರು. ಹತ್ತು ಗಂಟೆಗೆ ಆ ಅಮ್ಮನ ಕಾರು ಬಂತು. ಟ್ರಂಕಿನ ಜೊತೆಗೆ ಒಂದು ಗೊನೆ ಎಳನೀರೂ ಇಳಿಯಿತು. ಮೇಷ್ಟ್ರು ಮೊದಲ ಕಾಗದವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಸವರಿದರು. ಆಮೇಲೆ ಭೂತಗನ್ನಡಿ ಹಿಡಿದು ಓದತೊಡಗಿದರು. ನಾನು ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ಅಲ್ಲಿ ಯುದ್ಧವೂ ಇಲ್ಲ, ಸಂಧಾನವೂ ಇಲ್ಲ, ಬರೀ ಕೋರಿಕೆಗಳು. ಒಬ್ಬನ ಭಾವಮೈದುನನಿಗೆ ಸುಂಕದ ಕಟ್ಟೆಯಲ್ಲಿ ಕೆಲಸ ಬೇಕು. ಹುತ್ರಿದುರ್ಗದ ಕಿಲ್ಲೇದಾರನಿಗೆ ಪುಣೆಯ ಜರಿ ರುಮಾಲು ಬೇಕು, ಬಣ್ಣ ಮಾತ್ರ ಹೋದ ಸಲದ್ದು ಬೇಡ. ಇನ್ನೊಬ್ಬ ಎರಡು ಪುಟ ಕ್ಷೇಮ ವಿಚಾರಿಸಿ, ಕೊನೆಯ ಸಾಲಿನಲ್ಲಿ ಕುದುರೆ ಕೇಳಿದ್ದಾನೆ. ವಕೀಲನೂ ಪಾಕಡಾ ಆಸಾಮಿ. ಪ್ರತಿ ಕಾಗದದ ಬೆನ್ನಿಗೂ ಒಂದೇ ಮಾತಿನಲ್ಲಿ ತೀರ್ಮಾನ ಬರೆದು ಎಲ್ಲವನ್ನೂ ಊರಿಗೆ ಹೊತ್ತು ತಂದಿದ್ದಾನೆ. ಕೆಲವಕ್ಕೆ "ಆಯಿತು", ಕೆಲವಕ್ಕೆ "ಆಗದು", ಮುಕ್ಕಾಲು ಪಾಲಿಗೆ "ನೋಡುವ". ಅದು ಬಂದಾಗಲೆಲ್ಲ ಆ ಅಮ್ಮ ನನ್ನ ಕಡೆ ನೋಡಿ ನಗುವರು.

ಮಧ್ಯಾಹ್ನದ ಹೊತ್ತಿಗೆ ಅರಿಶಿನದ ಕಲೆಯಿದ್ದ ಒಂದು ಸಣ್ಣ ಕಾಗದ ಸಿಕ್ಕಿತು. ವಕೀಲನ ಹೆಂಡತಿ ಶಾನುಭೋಗರ ಕೈಲಿ ಬರೆಸಿದ್ದು. ಮೇಷ್ಟ್ರು ನಿಧಾನವಾಗಿ ಓದಿದರು. "ಸೀಮೆಗೆಲ್ಲ ಕೆಲಸ ಮಾಡಿಸಿಕೊಡುತ್ತೀರೆಂದು ಕೇಳಿ ಸಂತೋಷವಾಯಿತು. ನನ್ನದೂ ಒಂದು ಅರಿಕೆ. ನಿಮ್ಮ ಧಣಿಗಳಿಗೆ ಒಂದು ಮಾತು ಹೇಳಿ, ನನ್ನ ಗಂಡನಿಗೆ ರಜೆ ಕೊಡಿಸುವುದು." ಶಾನುಭೋಗರ ಎದುರಿಗೆ ಕೂತು ಇದನ್ನು ಹೇಳಿ ಬರೆಸಿದ ಆ ಹೆಣ್ಣಿನ ಎದೆಗಾರಿಕೆ ನನಗೆ ಬಹಳ ಹಿಡಿಸಿತು. ಶಾನುಭೋಗರೂ ಬಿಟ್ಟಿಲ್ಲ, ಕೆಳಗೆ ತಮ್ಮ ಲೆಕ್ಕದಲ್ಲಿ, ಬರುವಾಗ ಒಂದು ಶಾಲು ತರುವುದು ಎಂದು ಸೇರಿಸಿದ್ದಾರೆ.

ಮೇಷ್ಟ್ರು ಕಾಗದ ತಿರುಗಿಸಿದರು. ಬೆನ್ನಿನ ಮೇಲಿದ್ದುದು ನನಗೆ ಕಂಡಿತು, ಬಾಯಿ ಬಿಡಲಿಲ್ಲ. ಅದನ್ನು ಅವರೇ ಓದಬೇಕಿತ್ತು. ಕಿಟಕಿಯ ಬೆಳಕಿಗೆ ಹಿಡಿದರು, ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು.

"ಹೊರಟೆ," ಎಂದು ಓದಿದರು.

ಆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ನಗುತ್ತಾ, "ಆ ನಮ್ ಹಿರೀಕ ಬಂದಿದ್ಕೇ ಅಲ್ವಾ ಮೇಷ್ಟ್ರೇ, ನಾವೆಲ್ಲ ಹುಟ್ಟಿರೋದು," ಎಂದರು. ಎದ್ದು ನಿಂತು, ಟ್ರಂಕು ಇಲ್ಲೇ ಇರಲಿ, ನಿಮ್ಮ ಕಣ್ಣು ಇರೋವರೆಗೂ ಓದಿ, ಆಮೇಲೆ ಮೇಡಮ್ಮ ಓದಿ ಹೇಳುತ್ತಾರೆ ಎಂದರು. ಒಂದು ರಸೀದಿ ಬರೆದುಕೊಡಲೇ ಎಂದೆ. ಅವರು ನನ್ನ ಮಾತು ಕೇಳಿಸದವರಂತೆ ಚಪ್ಪಲಿ ಮೆಟ್ಟಿದರು. ಮೇಷ್ಟ್ರು ಆಗಲೇ ಮುಂದಿನ ಕಾಗದ ಬಿಡಿಸುತ್ತಿದ್ದರು.