“ಇನ್ನೊಂದ್ಸಲ ಚೆಲ್ರಿ” ಅಂದ ಫೋಟೋಗ್ರಾಫರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಕ್ಯಾಂಪಿಗೆ ಬಂದವರಿಗೆ ನಾನು ಕ್ಯಾಮೆರಾ ಕಲಿಸುವುದಕ್ಕಿಂತ ಸುಮ್ಮನಿರುವುದನ್ನು ಕಲಿಸುವುದೇ ಹೆಚ್ಚು. ಪ್ರತಿ ವರ್ಷ ಮಹಾನವಮಿ ಮುಗಿದು ಮಳೆ ಹಿಂದೆ ಸರಿದ ಮೇಲೆ ನಾಲ್ಕೈದು ಜನರನ್ನು ಕಟ್ಟಿಕೊಂಡು ಚನ್ನಗಿರಿ ಕಡೆಯ ಕೆರೆ, ಜಗಳೂರಿನ ಕುರುಚಲು ಕಾಡು, ಹೊನ್ನಾಳಿಯ ಭತ್ತದ ಗದ್ದೆ ಅಂತ ಹಕ್ಕಿ, ಹುಳಗಳ ಫೋಟೋ ತೆಗೆಸುತ್ತಾ ಸುತ್ತುತ್ತೇನೆ. ಇನ್ನೂ ಜಾಸ್ತಿ ಜನರನ್ನು ಸೇರಿಸಿ ಅಂತ ಫೇಸ್‌ಬುಕ್ಕಿನಲ್ಲಿ ಸಲಹೆ ಕೊಡುವವರಿಗೆ ನನ್ನದು ಒಂದೇ ಉತ್ತರ: “ಸೀಟು ತುಂಬಿಸಾಕೆ ನಾನೇನು ಕಂಡಕ್ಟರ್ರಾ?”

ಕಳೆದ ವರ್ಷದ ಗುಂಪಿನಲ್ಲಿ ನ್ಯಾಮತಿಯ ಸ್ಟುಡಿಯೋ ಮಾಲೀಕರೊಬ್ಬರಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಸುತ್ತಲ ಊರುಗಳ ಮದುವೆ ಆಲ್ಬಮ್ಮುಗಳಲ್ಲಿ ಅರ್ಧದಷ್ಟು ಅವರ ಕೈಯಲ್ಲೇ ಆದವು. ಇಂಥವರಿಗೆ ನಾನೇನು ಕಲಿಸಲಿ ಅಂತ ನೇರವಾಗಿಯೇ ಕೇಳಿದೆ.

“ಮಗಳು ಮರ್ಯಾದೆ ತೆಗೆದ್ಲು ಮೇಡಂ,” ಅಂದರು. “ಅಪ್ಪಾಜಿ, ನಿನ್ನ ಕಡೆ ನೋಡ್ದೆ ಇರೋರ ಫೋಟೋ ಒಂದಾರ ತೆಗ್ದಿದ್ರೆ ತೋರ್ಸು ಅಂದ್ಲು. ಇರೋ ಬರೋ ಆಲ್ಬಮ್ಮೆಲ್ಲಾ ತಿರುವಿ ಹಾಕ್ದೆ. ಒಂದೂ ಇಲ್ರೀ! ಎಲ್ಲಾ ನಾನು ಹೇಳಿ ನಿಲ್ಸಿದ್ದೇ. ಹೇಳ್ದೆ ಕೇಳ್ದೆ ಸಿಕ್ಕಿದ್ದು ಒಂದು ಫೋಟೋ ಬೇಕು ನಂಗೆ. ಅಂಗಡಿ ಮುಂದೆ ಹಾಕಿ ಅವಳಿಗೆ ತೋರಿಸ್ಬೇಕು.”

ಚನ್ನಗಿರಿಯ ಕೆರೆಯ ಏರಿ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಈ ಮಹಾಶಯರು ಬೆಳ್ಳಕ್ಕಿಯ ಕಡೆ ಚಿಟಿಕೆ ಹೊಡೆದರು. ಸ್ಟುಡಿಯೋದಲ್ಲಿ ಕೂಸುಗಳ ಮುಂದೆ ಚಿಟಿಕೆ ಹೊಡೆದು ಹೊಡೆದು ರೂಢಿ. “ಇಲ್ನೋಡಮ್ಮ, ಇಲ್ಲಿ!” ಅಂತ ಬೇರೆ. ಇದ್ದಬದ್ದ ಹಕ್ಕಿಗಳೆಲ್ಲ ಎದ್ದು ಆಚೆ ದಡ ಸೇರಿದವು.

ಗುಂಪಿನಲ್ಲಿದ್ದ ಚನ್ನಗಿರಿಯ ನರ್ಸಮ್ಮ ಬಿಡಲಿಲ್ಲ. “ಅಣ್ಣಾರೆ, ಹೋಗಿ ಅವಕ್ಕೊಂದಿಷ್ಟು ಪೌಡರ್ ಹಚ್ಚಿ ಬರ್ರಿ.”

ಜಗಳೂರಿನಲ್ಲೂ ಅದೇ ಕಥೆ. ಬಂಡೆ ಮೇಲೆ ಬಿಸಿಲು ಕಾಯಿಸುತ್ತಿದ್ದ ಓತಿಕ್ಯಾತಕ್ಕೆ “ಗಲ್ಲ ಸ್ವಲ್ಪ ಮ್ಯಾಲೆ” ಅಂದರು. ಅದು ತಲೆ ಆಡಿಸಿತೇನೋ ನಿಜ, ಪೊದೆಯೊಳಗೆ ನುಗ್ಗುವ ಮುಂಚೆ. ಸಂಜೆ ವಾಪಸ್ ಬರುವಾಗ ಅವರು ಖಾಲಿ ಬಂಡೆಯ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತರು. ಹೊನ್ನಾಳಿಯೊಂದೇ ಬಾಕಿ ಉಳಿದಿತ್ತು.

ನಾವು ಹೊನ್ನಾಳಿಗೆ ಹೋದದ್ದು ಭೂಮಿ ಹುಣ್ಣಿಮೆಯ ಬೆಳಗ್ಗೆ. ಭತ್ತದ ತೆನೆ ಹಾಲುಗಟ್ಟುವ ಹೊತ್ತು. ಭೂಮಿತಾಯಿ ಬಸುರಿ ಅಂತ ಲೆಕ್ಕ, ಅವಳಿಗೆ ಬಯಕೆಯ ಊಟ. ಮನೆಯ ಅಡುಗೆಯನ್ನೆಲ್ಲ ಒಟ್ಟಿಗೆ ಕಲಸಿ ಗದ್ದೆಯ ಸುತ್ತ ಎರಚುತ್ತಾರೆ. ಅದೇ ಚರಗ. ಚರಗಕ್ಕೆ ಹುಳ ಹುಪ್ಪಟೆ, ಅವುಗಳ ಹಿಂದೆ ಹಕ್ಕಿಗಳು ಬರುತ್ತವೆ. ಹೊಳೆ ಪಕ್ಕದ ಗದ್ದೆಯೊಂದರ ಒಡತಿ ಅಜ್ಜಿ ನನ್ನನ್ನು ನಂಬಿ ವರ್ಷಾವರ್ಷ ಬಿಟ್ಟುಕೊಳ್ಳುತ್ತಾರೆ. ಆದ್ದರಿಂದ ದಾರಿಯಲ್ಲೇ ಎಲ್ಲರಿಗೂ ತಾಕೀತು ಮಾಡಿದ್ದೆ: ಚಪ್ಪಲಿ ರಸ್ತೆ ಬದಿಯಲ್ಲೇ ಬಿಡಬೇಕು, ದನಿ ಏರಿಸಬಾರದು.

ಅಜ್ಜಿಯ ಮಗ ಬುಟ್ಟಿ ಹಿಡಿದು ಬದುವಿನ ಮೇಲೆ ನಡೆಯುತ್ತಾ ಚರಗ ಎರಚಿದರು. ಓರೆ ಬಿಸಿಲಿಗೆ ಒಂದೊಂದು ಅಗುಳೂ ಹೊಳೆಯಿತು. ಸ್ಟುಡಿಯೋದವರು ಬಟನ್ ಒತ್ತುವಷ್ಟರಲ್ಲಿ ಅದು ಪೈರಿನೊಳಗೆ ಬಿದ್ದಾಗಿತ್ತು.

“ಯಜಮಾನ್ರೇ, ಒಂದ್ನಿಮಿಷ! ಇನ್ನೊಂದ್ಸಲ ಚೆಲ್ರಿ, ನನ್ ಕಡೆ ನೋಡ್ಕಂಡು!”

ಅಜ್ಜಿ ಗಕ್ಕನೆ ನಿಂತರು.

“ಯಾರಪ್ಪಾ ಅದು? ಮದುವೆ ಫೋಟೋದೋರು ತಾಳಿ ಕಟ್ಟಿಸ್ದಂಗೆ ಇದನ್ನೂ ಎರಡೆರಡು ಸಲ ಮಾಡಿಸ್ತೀಯೇನು? ಬಸುರಿ ಉಣ್ಣಾಕೆ ಕೂತಾಗ ಯಾರಾರ ಹಿಂಗೆ ಅರಚ್ತಾರೇನು?” ಆಮೇಲೆ ನನ್ನ ಕಡೆ ತಿರುಗಿದರು. “ನೀನಾದ್ರೂ ಎಂಥೋರ್ನ ಕರ್ಕಂಡು ಬರ್ತೀಯವ್ವಾ!”

ಸ್ಟುಡಿಯೋದವರು ಕ್ಯಾಮೆರಾ ಇಳಿಸಿ ಕೈ ಮುಗಿದರು. “ತಪ್ಪಾತಜ್ಜಿ. ಬಾಯಿ ಚಾಳಿ, ಬಿಡಾಕೆ ಆಗ್ತಿಲ್ಲ.”

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬಾಯಿಗೊಂದು ಕಡುಬು ಇಟ್ಕ, ತಾನೇ ಮುಚ್ತೈತೆ. ಬಾ, ಊಟಕ್ಕೆ ಕೂತ್ಕ.”

ಬದುವಿನ ಮೇಲೆ ಸಾಲಾಗಿ ಕೂತೆವು. ಎಲೆಗೆ ಕಡುಬು, ತುಪ್ಪ, ಮೊಸರನ್ನ. ಸ್ಟುಡಿಯೋದವರು ನನ್ನ ಪಕ್ಕದಲ್ಲೇ ಮುಖ ಸಣ್ಣದು ಮಾಡಿಕೊಂಡು, ಕ್ಯಾಮೆರಾ ತೊಡೆ ಮೇಲಿಟ್ಟು ಉಣ್ಣುತ್ತಿದ್ದರು. ಆಗ ಕಾಜಾಣವೊಂದು ಹಾರಿಬಂದು ಪೂಜೆಗೆ ನೆಟ್ಟ ಬಾಳೆಕಂದಿನ ಮೇಲೆ ಕೂತಿತು. ಕೊಕ್ಕಿನಲ್ಲಿ ಮಿಡತೆ. ಸೀಳು ಬಾಲ ನಮ್ಮ ಕಡೆಗೆ, ಮುಖ ಗದ್ದೆಯ ಕಡೆಗೆ.

ಅವರ ಬಾಯಿ ತೆರೆಯಿತು. “ಇಲ್ನೋಡು” ಅನ್ನುವುದು ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಮರುಕ್ಷಣ ಎಲೆಯಲ್ಲಿದ್ದ ಇಡೀ ಕಡುಬನ್ನು ಬಾಯಿಗೆ ತುರುಕಿಕೊಂಡರು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ತುಪ್ಪದ ಕೈಯಲ್ಲೇ ಕ್ಯಾಮೆರಾ ಎತ್ತಿ ಒತ್ತಿದರು. ಹಕ್ಕಿ ಹಾರಿತು.

ಫೋಟೋ ಚೂರು ವಾಲಿತ್ತು. ಬೆನ್ನು ಮಾಡಿ ಕೂತ ಕಾಜಾಣ, ಅದರಾಚೆ ಮಸುಕಾಗಿ, ಮಗನಿಗೆ ಬಡಿಸುತ್ತಿರುವ ಅಜ್ಜಿ. ಒಬ್ಬರೂ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ.

ಅಜ್ಜಿ ಇಣುಕಿದರು. “ಅಯ್ಯ, ಮುಖಾನೇ ತೋರ್ಸಿಲ್ವಲ್ಲಪ್ಪ ಅದು!”

“ಅದೇ ಬೇಕಾಗಿತ್ತಜ್ಜಿ,” ಅಂದರು ಅವರು. ಬಾಯಲ್ಲಿ ಇನ್ನೂ ಕಡುಬಿತ್ತು.

ಇಷ್ಟು ವರ್ಷದಲ್ಲಿ ನನ್ನ ಜೊತೆ ಬಂದವರು ಎಂಥೆಂಥ ಚಂದದ ಚಿತ್ರ ತೆಗೆದಿದ್ದಾರೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆ ಉಕ್ಕುವುದು ಆ ವಾಲಿದ ಕಾಜಾಣವನ್ನು ನೆನೆದಾಗಲೇ.

ದೀಪಾವಳಿ ಕಳೆದ ಮೇಲೆ ನ್ಯಾಮತಿಗೆ ಹೋಗಿದ್ದೆ. ಅವರ ಅಂಗಡಿಯ ಮುಂದಿನ ಗಾಜಿನಲ್ಲಿ, ನಗುವ ಮದುಮಕ್ಕಳ ನಡುವೆ ಕಾಜಾಣ ಬೆನ್ನು ತೋರಿಸಿಕೊಂಡು ಕೂತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದ ಗಿರಾಕಿಯೊಬ್ಬರು ಅದನ್ನೇ ನೋಡುತ್ತಿದ್ದರು.

“ಮುಖಾನೇ ಕಾಣ್ಸಲ್ವಲ್ರೀ ಇದ್ರಾಗೆ. ಇನ್ನೊಂದ್ಸಲ ತೆಗಿಬೇಕಿತ್ತು.”

ಕೌಂಟರಿನಲ್ಲಿ ಕೂತಿದ್ದ ಮಗಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಅದು ಇನ್ನೊಂದ್ಸಲ ಬರಲ್ರೀ. ನಮ್ಮಪ್ಪಾಜಿ ತೆಗ್ದಿದ್ದು. ನೀವು ಒಳಗೆ ಹೋಗಿ ಸ್ಟೂಲ್ ಮೇಲೆ ಕೂತ್ಕಳ್ರಿ.”

ಗಿರಾಕಿ ಒಳಗೆ ಹೋದರು. ಪರದೆಯ ಹಿಂದಿನಿಂದ ಅಪ್ಪನ ದನಿ ಕೇಳಿತು: “ಗಲ್ಲ ಸ್ವಲ್ಪ ಮ್ಯಾಲೆ. ಹಾಂ, ಇಲ್ನೋಡ್ರಿ!”