ಎದುರು ತುದಿಯ ಸೊಸೆ

ಒಗೆದ ರಗ್ಗು ಹಿಂಡುವುದಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ಇಬ್ಬರೂ ತಮ್ಮ ತಮ್ಮ ಬಲಕ್ಕೇ ತಿರುಚಬೇಕು, ಆಗಲೇ ನೀರು ಇಳಿಯುವುದು. ಹಿಂಡುವ ಯಂತ್ರ ತರೋಣ ಎಂದು ಮಗ ಹೇಳಿದಾಗಲೆಲ್ಲ ಲಾಂಡ್ರಿಯ ಯಜಮಾನಿ, "ನನ್ನ ಕೈ ಇರೋವಾಗ ಯಂತ್ರ ಯಾಕೋ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮದುವೆಯಾಗಿ ಬಂದ ಸೊಸೆ ನಿಂತದ್ದು ಇಂಥ ಅತ್ತೆಯ ಎದುರು ತುದಿಗೆ.

ಸೊಸೆಯೇನು ಸೊರಗಿದವಳಲ್ಲ, ಕೈಕಾಲು ಗಟ್ಟಿಯಾಗಿಯೇ ಇದ್ದವು. ಆದರೆ ನಾಲ್ಕಾರು ರಗ್ಗು ಹಿಂಡುವಷ್ಟರಲ್ಲಿ ಎದೆ ಹಿಡಿದುಕೊಂಡು, ಬಕೆಟ್ ಬೋರಲು ಹಾಕಿ ಕೂತುಬಿಡುತ್ತಿದ್ದಳು. ಸ್ವಲ್ಪ ಹೊತ್ತು ಕೂತರೆ ನೋವು ಮಾಯ. ಎಡವಟ್ಟಾದದ್ದೇ ಇಲ್ಲಿ. ಕೂತರೆ ಹೋಗುವ ನೋವೂ ಒಂದು ನೋವೇ? "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅತ್ತೆ ಗೋಡೆಗೆ ಹೇಳಿದಳು. ಗೋಡೆಯ ಆಚೆ ಇದ್ದವರೆಲ್ಲ ಕೇಳಿಸಿಕೊಂಡರು. 'ಮೈಗಳ್ಳಿ' ಎಂಬ ಹೆಸರು ಬೀದಿಗೆಲ್ಲ ಹಬ್ಬಿತು.

ಹಾಗಂತ ಅತ್ತೆ ಕೆಟ್ಟವಳಲ್ಲ. ಡಾಕ್ಟರ ಬಳಿಗೆ ತಾನೇ ಕರೆದುಕೊಂಡು ಹೋದಳು. ಆದರೆ ಆಸ್ಪತ್ರೆಗೆ ಹೋಗುವ ದಿನ ಕೆಲಸ ಮುಟ್ಟಬಾರದು, ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಬೇಕು ಎನ್ನುವುದು ಆ ಮನೆಯ ಪದ್ಧತಿ. ಲಾಂಡ್ರಿಯವರ ಮರ್ಯಾದೆಯ ಪ್ರಶ್ನೆ ನೋಡಿ! ಹಾಗೆ ದಣಿವಾರಿಸಿಕೊಂಡು ಬಂದವಳನ್ನು ಮಲಗಿಸಿ ಇಸಿಜಿ ತೆಗೆದರೆ ಏನು ಸಿಕ್ಕೀತು, ಮಣ್ಣು?

"ಈಗ ನೋವಿದೆಯಾ?" ಎಂದರು ಡಾಕ್ಟರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಮೂಗು ತೂರಿಸಿದಳು. "ಕೆಲಸ ಮಾಡಿದ್ರೆ ಮಾತ್ರ ನೋವಂತೆ ಡಾಕ್ಟ್ರೇ. ಅದು ಯಾರಿಗೆ ಬರಲ್ಲ ಹೇಳಿ?"

ಡಾಕ್ಟರೂ ನಕ್ಕುಬಿಟ್ಟರು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ, ನಾನು ನಿಜಕ್ಕೂ ಮೈಗಳ್ಳಿಯೇ ಏನೋ ಎಂದು ತನ್ನ ಮೇಲೆ ತನಗೇ ಅನುಮಾನ ಬಂತು. ಇನ್ನು ಸತ್ತರೂ ಬಕೆಟ್ ಮೇಲೆ ಕೂರುವುದಿಲ್ಲ ಎಂದು ಹಟ ತೊಟ್ಟಳು.

ಹಟಕ್ಕೆ ಎದೆ ಬಗ್ಗೀತೇ? ಒಂದು ಬೆಳಿಗ್ಗೆ ದಪ್ಪನೆಯ ರಗ್ಗೊಂದನ್ನು ಕೊನೆಯ ಸುತ್ತು ಬಿಗಿದದ್ದು ಅವಳಿಗೆ ನೆನಪಿದೆ. ಕಣ್ಣು ಬಿಟ್ಟಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಯಾವತ್ತೂ ಕಣ್ಣೀರು ಹಾಕದ ಅತ್ತೆ ಗೊಳೋ ಎಂದು ಅಳುತ್ತಿದ್ದಳು.

ಈ ಸಲ ಸ್ನಾನವೂ ಇಲ್ಲ, ಇಸ್ತ್ರಿಯೂ ಇಲ್ಲ. ಒದ್ದೆ ಬಟ್ಟೆಯಲ್ಲೇ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿನ ಹೃದಯದ ಡಾಕ್ಟರಮ್ಮನ ಮುಂದೆ ಅತ್ತೆ ಸಾಕ್ಷಿ ಹೇಳಿದ್ದೇ ಹೇಳಿದ್ದು. "ಮೈಗಳ್ಳರ ಹಿಡಿತ ಮೊದಲಿಂದಲೇ ಸಡಿಲ ಇರತ್ತಮ್ಮಾ. ಇವಳು ಪೂರ್ತಿ ಬಿಗಿ ಹಿಡಿದಿದ್ಲು. ಬಿಗಿ ಇದ್ದ ಹಾಗೇ ಆ ಕಡೆ ತುದಿ ಸತ್ತೇಹೋಯ್ತು. ನನ್ನ ಕೈಗೇ ಗೊತ್ತಾಯ್ತು."

ಡಾಕ್ಟರಮ್ಮ ಬೇರೇನೂ ಕೇಳದೆ ಸ್ಕ್ಯಾನಿಗೆ ಕಳಿಸಿದರು.

ಹೃದಯಕ್ಕೇ ರಕ್ತ ಉಣಿಸುವ ನಾಳಗಳಲ್ಲಿ ಬಲಗಡೆಯದು ಹುಟ್ಟಿನಿಂದಲೇ ದಾರಿ ತಪ್ಪಿತ್ತು. ಎಡಗಡೆಯಿಂದ ಹೊರಟು, ಎರಡು ದೊಡ್ಡ ರಕ್ತನಾಳಗಳ ನಡುವಿನ ಸಂದಿಯಲ್ಲಿ ನುಸುಳಿ ಬಂದಿತ್ತು. ಶ್ರಮ ಹೆಚ್ಚಿದಾಗ ಅಲ್ಲಿ ಅದುಮಿದಂತಾಗಿ ಹೃದಯಕ್ಕೆ ರಕ್ತ ಸಾಲುತ್ತಿರಲಿಲ್ಲ.

"ತುಂಬ ಅಪರೂಪ ಇದು. ಸುಮ್ಮನೆ ಕೂತಾಗ ಗೊತ್ತೇ ಆಗಲ್ಲ" ಎಂದರು ಡಾಕ್ಟರಮ್ಮ. "ಎದೆ ತೆರೆದು ಆಪರೇಷನ್ ಮಾಡಬೇಕಾಗತ್ತೆ."

"ಹಾಗಾದ್ರೆ ನಾನು ಮೈಗಳ್ಳಿ ಅಲ್ಲ!" ಎಂದು ಸೊಸೆ ಕೂಗಿಯೇಬಿಟ್ಟಳು. ಎದೆ ಸೀಳುತ್ತೇವೆಂದರೆ ಹೀಗೆ ಹಿಗ್ಗಿದವರನ್ನು ಡಾಕ್ಟರಮ್ಮ ಅದೇ ಮೊದಲು ನೋಡಿದ್ದು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣೇ, ಹೊಟ್ಟೆಗೆ ಹಾಕ್ಕೋ" ಎಂದಳು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಅತ್ತೆ ಅವಳಿಗೆ ಒಂದು ಕರವಸ್ತ್ರವನ್ನೂ ಹಿಂಡಗೊಡಲಿಲ್ಲ. ಕೊನೆಗೆ ಡಾಕ್ಟರಮ್ಮ ಅವಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಎಲ್ಲ ಪರೀಕ್ಷಿಸಿ, ಇನ್ನು ಯಾವ ಕೆಲಸವಾದರೂ ಮಾಡಬಹುದು ಎಂದರು. ಅಷ್ಟರಲ್ಲಿ ಮಗನ ಯಂತ್ರಕ್ಕೆ ಅತ್ತೆ ಹೂಂ ಅಂದಾಗಿತ್ತು. ಬೇಡ ಅಂದವಳು ಸೊಸೆ. "ನನ್ನ ಕೈ ಇರೋವಾಗ ಯಂತ್ರ ಯಾಕೆ?"

ಮರುದಿನ ಅದೇ ದಪ್ಪ ರಗ್ಗು ತೆಗೆದುಕೊಂಡಳು. ಅತ್ತೆ ಅಂಜುತ್ತಲೇ ತನ್ನ ತುದಿ ಹಿಡಿದಳು. ಒಂದು ಸುತ್ತು ಬಿತ್ತು, ಇನ್ನೊಂದು ಬಿತ್ತು. ನೀರು ಧಾರಾಕಾರ ಸುರಿಯಿತು. ಸೊಸೆಯ ಉಸಿರು ಏರಿತು, ಎದೆ ಹೊಡೆದುಕೊಂಡಿತು, ನೋವು ಮಾತ್ರ ಬರಲೇ ಇಲ್ಲ. ಆ ಖುಷಿಗೆ ಇನ್ನೂ ಒಂದು ಸುತ್ತು ಬಿಗಿದಳು ನೋಡಿ, ಅತ್ತೆಯ ಕೈಯಿಂದ ರಗ್ಗು ಜಾರಿ, ಯಜಮಾನಿ ಒದ್ದೆ ನೆಲದ ಮೇಲೆ ಧೊಪ್ಪನೆ ಕುಕ್ಕರಿಸಿದಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಎಂದು ಏದುಸಿರು ಬಿಡುತ್ತಾ ಅತ್ತೆ ಬಿದ್ದಲ್ಲೇ ನಗತೊಡಗಿದಳು.

ಸೊಸೆ ಹೋಗಿ ಬಕೆಟ್ ತಂದು ಬೋರಲು ಹಾಕಿದಳು.

"ಇದರ ಮೇಲೆ ಕೂತ್ಕೊಳ್ಳಿ ಅತ್ತೆ. ಸ್ವಲ್ಪ ಹೊತ್ತು ಕೂತ್ರೆ ಸರಿಹೋಗತ್ತೆ."