ಊರಾಗ ಯಾರಿಗೂ ಇಲ್ಲದ ಹೆಸರು

ಗೆಳೆಯರೇ, ಇವತ್ತು ಗುಡೂರಿನಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಸೋದರತ್ತೆ ನಾನು, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೆಸರೇ ತೀರ್ಮಾನವಾಗಿರಲಿಲ್ಲ.

ತಮ್ಮನ ಹೆಂಡತಿ ಮೊಬೈಲ್ ಹಿಡಿದು ಬಂದಳು. “ಅಕ್ಕಾರ, ಇಯಾನ್ಶಿ ಅಂತ ಹೇಳ್ರಿ. ಭಾಳ ಅಪರೂಪದ್ದು, ಊರಾಗ ಯಾರಿಗೂ ಇಲ್ಲ.”

“ಅರ್ಥ ಏನವಾ?”

“ಒಂದ್ ವೆಬ್‌ಸೈಟಿನ್ಯಾಗ ಲಕ್ಷ್ಮಿ ಅಂತೈತ್ರಿ, ಇನ್ನೊಂದ್ರಾಗ ದೇವರ ಕಾಣಿಕಿ ಅಂತೈತಿ.”

ಅಲ್ಲೇ ಕೂತಿದ್ದ ನಮ್ಮವ್ವ ಬಾಯಿಬಿಟ್ಟಳು. “ಯಾರಿಗೂ ಇಲ್ಲದ್ದು ಬೇಕಂದ್ರ ನಮ್ಮತ್ತಿ ಹೆಸರಿಡ್ರಿ, ತಿಪ್ಪವ್ವ. ಈಗ ಊರಾಗ ಒಬ್ಬಾಕೀನೂ ಇಲ್ಲ.”

“ತಿಪ್ಪಿ ಹೆಸರು ಕೂಸಿಗೇನ್ರಿ ಅತ್ತಿ? ಸಾಲ್ಯಾಗ ನಗತಾರ.”

“ಅಕಿಗಿಂತ ಮೊದಲಿನ ಕೂಸು ಒಂದೂ ಉಳಿಲಿಲ್ಲ. ಅದಕ್ಕ ಅಕಿನ್ನ ತಿಪ್ಪಿ ಮ್ಯಾಲೆ ಮಲಗಿಸಿ ಆ ಹೆಸರಿಟ್ರು. ಹೊಲಸು ಅಂತ ಸಾವು ಮುಟ್ಟಲಿಲ್ಲ. ಅಕಿ ಉಳಿದಿದ್ದಕ್ಕ ನಿನ್ನ ಗಂಡ ಅದಾನ.”

ಅವಳು ಗಂಡನನ್ನು ಒಮ್ಮೆ ನೋಡಿದಳು. “ತೊಟ್ಟಲದಾಗ ತಿಪ್ಪವ್ವ ಇರ್ಲಿ ಬಿಡ್ರಿ. ಸಾಲಿಗೆ ಇಯಾನ್ಶಿ.”

ಬಗ್ಗಿ ಎರಡೂ ಹೇಳಿದೆ. ಹೆಸರು ಹೇಳುವ ಅತ್ತೆಯ ಬೆನ್ನಿಗೆ ಹೆಣ್ಣುಮಕ್ಕಳೆಲ್ಲ ಗುದ್ದುವುದು ನಮ್ಮ ಕಡೆಯ ಪದ್ಧತಿ. ಎರಡು ಹೆಸರೆಂದು ಎರಡು ಸುತ್ತು ಗುದ್ದಿದರು. ತಿಪ್ಪವ್ವನ ಸುತ್ತಿನಲ್ಲಿ ಅವ್ವ ಕೊಟ್ಟದ್ದು ಇನ್ನೂ ನೋಯುತ್ತಿದೆ.